ಟಾರ್ಮಡ್ ಹೊತ್ತ ಕಲ್ಲು

ಒಲೆಯಲ್ಲಿ ಪೀಟ್ ಹೊಗೆಯಾಡಿದರೆ ಟಾರ್ಮಡನಿಗೆ ಈಗಲೂ ಅಜ್ಜನ ಕೋಟು ನೆನಪಾಗುತ್ತಿತ್ತು. ಚಿಕ್ಕಂದಿನಲ್ಲಿ ಅಜ್ಜನ ತೋಳಿಗೆ ಮೂಗೊತ್ತಿ ಮಲಗಿದರೆ ಅದೇ ವಾಸನೆ: ಹೊಗೆ, ಹಸಿ ಮಣ್ಣು, ಸ್ವಲ್ಪ ಕುರಿ. ಕೊಟ್ಟಿಗೆಯಾಚೆಯ ಜೌಗಿನಲ್ಲಿ ಅಜ್ಜ ಇಟ್ಟಿಗೆಯಂತೆ ಕೊಯ್ದು ಉರುವಲಿಗೆಂದು ಒಣಗಿಸುತ್ತಿದ್ದ ಕಪ್ಪು ಜೌಗುಮಣ್ಣಿಗೆ, ಆ ಪೀಟಿಗೆ, ಊರಲ್ಲೇ ಸಾಟಿಯಿರಲಿಲ್ಲ. ಟಾರ್ಮಡನ ಚಳಿಗಾಲ ಕಳೆಯುತ್ತಿದ್ದದ್ದೇ ಆ ಜೌಗಿನಿಂದ.

ಅಂದು ಶನಿವಾರ. ಗಾಳಿ ಏಳುವ ಲಕ್ಷಣವಿತ್ತು. ನಾಳೆ ಭಾನುವಾರ, ಹುಲ್ಲುಕಡ್ಡಿ ಎತ್ತಿದರೂ ಪಾದ್ರಿ ಸುಮ್ಮನಿರುವುದಿಲ್ಲ. ಕೊಟ್ಟಿಗೆಯ ಹುಲ್ಲುಮಾಡು ಗಾಳಿಗೆ ಹಾರದಂತೆ ಅದರ ಹಗ್ಗಕ್ಕೆ ಭಾರ ಕಟ್ಟಲೆಂದು ಟಾರ್ಮಡ್ ಜೌಗಿನ ಆಚೆ ತುದಿಯ ಪೊದೆಯಲ್ಲಿ ಬಿದ್ದಿದ್ದ ಚಪ್ಪಟೆ ಕಲ್ಲೊಂದನ್ನು ಕೈಗಾಡಿಯಲ್ಲಿ ತಂದ.

ಪಕ್ಕದ ಮನೆಯ ರೂರಿ ಬೇಲಿಯ ಮೇಲಿಂದ ಇಣುಕಿದ.

"ಅಯ್ಯೋ ಪುಣ್ಯಾತ್ಮ! ಗಡಿಕಲ್ಲನ್ನೇ ಕಿತ್ಕೊಂಡ್ ಬಂದಿದೀಯಲ್ಲೋ!"

ಟಾರ್ಮಡ್ ಬಗ್ಗಿ ನೋಡಿದ. ಪಾಚಿಯ ಕೆಳಗೆ ಕೆತ್ತಿದ ಗೆರೆಯೊಂದು ಅವನನ್ನೇ ದುರುಗುಟ್ಟಿ ನೋಡಿತು. ದ್ವೀಪ ಒಂದೇ, ಕೌಂಟಿ ಎರಡು. ಕಲ್ಲಿನ ಈಚೆ ಲೂಯಿಸ್, ಅದು ರಾಸ್ ಕೌಂಟಿ. ಆಚೆ ಹ್ಯಾರಿಸ್, ಅದು ಇನ್ವರ್ನೆಸ್ ಕೌಂಟಿ.

"ಮಧ್ಯಾಹ್ನ ಸರ್ವೆಯವ್ರು ಬರ್ತಾರೆ. ಕಲ್ಲು ಅಲ್ಲಿಲ್ದಿದ್ರೆ ನಿನ್ ಪೀಟ್ ಜಾಗ ಹ್ಯಾರಿಸ್‌ನವ್ರ ಪಾಲು, ಅಷ್ಟೆ!"

ಟಾರ್ಮಡ್ ಗಾಡಿ ತಿರುಗಿಸಿದ. ಜೌಗಿನ ನಡುವೆ ಚಕ್ರ ಹೂತಿತು. ರೂರಿ ಸಹಾಯಕ್ಕೆಂದು ಬಂದು ಸಲಹೆಯನ್ನಷ್ಟೇ ಕೊಟ್ಟ. ಟಾರ್ಮಡ್ ಕಲ್ಲನ್ನು ತಬ್ಬಿಕೊಂಡು, ಮದುಮಗಳನ್ನು ಹೊತ್ತ ಮುದುಕನಂತೆ ತಟ್ಟಾಡುತ್ತ ನಡೆದ.

"ಇನ್ನೂ ಸ್ವಲ್ಪ ಮುಂದೆ ಇಡೋ," ಎಂದ ರೂರಿ. "ಒಳ್ಳೆ ಹುಲ್ಲುಗಾವ್ಲು ನಮ್ ಕಡೆ ಬರ್ಲಿ."

"ಕೇಳಿಸ್ತು ರೂರಿ!" ಹಳ್ಳದಾಚೆಯಿಂದ ಹ್ಯಾರಿಸ್‌ನ ವಿಧವೆ ಮಾರ್ಸಲಿ ಕೂಗಿದಳು. "ಹಂಗೇ ಮುಂದೆ ಬಂದು ನನ್ ಅಡುಗೆಮನೇಲೇ ಇಟ್ಬಿಡಿ, ಚಹಾ ಮಾಡ್ತೀನಿ!"

ಟಾರ್ಮಡ್ ಯಾರ ಮಾತಿಗೂ ಕಿವಿಗೊಡಲಿಲ್ಲ. ಕಲ್ಲು ಬಿದ್ದಿದ್ದಲ್ಲಿ ಹುಲ್ಲು ಬಿಳಿಚಿಕೊಂಡಿತ್ತು. ಸರಿಯಾಗಿ ಅದೇ ಗುರುತಿನ ಮೇಲಿಟ್ಟು, ಅದರ ಪಕ್ಕದಲ್ಲೇ ಕುಸಿದು ಕೂತ.

ಸರ್ವೆಯವನು ಬಂದು ನಕ್ಷೆ ಬಿಡಿಸಿದ. ಕಲ್ಲು ನೋಡಿದ, ನಕ್ಷೆ ನೋಡಿದ, ಮತ್ತೆ ಕಲ್ಲು ನೋಡಿದ.

"ಇದನ್ನ ಯಾರ್ರೀ ಇಲ್ಲಿಗೆ ತಂದೋರು? ಹಳೇ ನಕ್ಷೆ ಪ್ರಕಾರ ಇದು ಅಲ್ಲಿರ್ಬೇಕು. ಆ ಕೊಟ್ಟಿಗೆ ಮೂಲೇಲಿ."

ಬೆಳಿಗ್ಗೆ ಟಾರ್ಮಡ್ ಗಾಡಿ ತಂದು ನಿಲ್ಲಿಸಿದ್ದ ಜಾಗವದು. ಅಂದರೆ ಅಜ್ಜನ ಜೌಗು ಪೂರ್ತಿ ಹ್ಯಾರಿಸ್‌ನದು. ರೂರಿಗೆ ತಟ್ಟನೆ ಮನೆಗೆಲಸ ನೆನಪಾಯಿತು.

ಟಾರ್ಮಡ್ ಮೂರನೇ ಸಲ ಕಲ್ಲು ಸಾಗಿಸಿದ. ಅವನು ತಲುಪುವಷ್ಟರಲ್ಲಿ ಮಾಡಿನ ಅರ್ಧ ಹುಲ್ಲು ಹಾರಿ ಹೋಗಿತ್ತು. ಹಸು ಆಕಾಶ ನೋಡುತ್ತ ನಿಂತಿತ್ತು.

"ಇದಕ್ಕೆ ಹಗ್ಗಗಿಗ್ಗ ಕಟ್ಟೀರ," ಎಂದು ಎಚ್ಚರಿಸಿ ಸರ್ವೆಯವನು ಹೊರಟುಹೋದ.

ಹಿಂದೆಯೇ ಮಾರ್ಸಲಿ ಬಂದು ನಿಂತಿದ್ದಳು.

"ನಿಮ್ಮಜ್ಜ ರಾತ್ರೋರಾತ್ರಿ ಕಲ್ಲು ಎಳ್ಕೊಂಡ್ ಹೋಗಿದ್ದನ್ನ ನಮ್ಮಜ್ಜ ಕಿಟಕೀಲಿ ನೋಡಿದ್ನಂತೆ, ಮಗಾ."

ಟಾರ್ಮಡನ ಕಿವಿ ಕೆಂಪಾಯಿತು. "ನೋಡಿಯೂ ಸುಮ್ನಿದ್ನಾ?"

"ಆ ವರ್ಷ ನಿಮ್ಮನೇಲಿ ಮಕ್ಕಳೆಲ್ಲ ಜ್ವರ ಬಂದು ಮಲಗಿದ್ರಂತೆ. ಒಲೆ ಆರಬಾರ್ದಲ್ಲ."

ಅವನು ಏನೋ ಹೇಳಹೊರಟ. ಅವಳು ಶಾಲಿನಡಿಯಿಂದ ಬಟ್ಟೆ ಸುತ್ತಿದ ಪಾತ್ರೆ ತೆಗೆದು, ಕಲ್ಲಿನ ಮೇಲಿಂದ ಕೈಚಾಚಿ, ಬಿಸಿ ಆಲೂಗಡ್ಡೆ, ಉಪ್ಪು ಮೀನನ್ನು ಅವನ ಕೈಗಿಟ್ಟಳು.