ಮಾವನ ಮ್ಯಾಕ್ರೋ

ನನ್ನ ಸೋದರಮಾವನಿಗೆ ಹೆದರಿಕೆ ಹುಟ್ಟಿಸದ ವಸ್ತು ಇಡೀ ಮುಂಬಯಿಯಲ್ಲಿ ಒಂದೇ ಒಂದಿತ್ತು: ಗಣಿತ. ಮ್ಯಾಕ್ರೋ ಎಂಬುದು ಅವರ ಬಾಳಿನಲ್ಲಿ ಕಾಲಿಟ್ಟ ಮೇಲೆ ಅದೂ ಕೈತಪ್ಪಿತು!

ಮಾವ ಮಲಾಡ್‌ನ ಒಂದು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಮನೆ ಕಾಂದಿವಲಿಯಲ್ಲಿ. ನಡುವೆ ಒಂದೇ ಒಂದು ಸ್ಟೇಷನ್ನಿನ ದೂರ. ಬೇರೆಯವರಾದರೆ ಇದನ್ನು ಅದೃಷ್ಟ ಎನ್ನುತ್ತಿದ್ದರು. ಮಾವನ ಪ್ರಕಾರ, ಲೋಕಲ್ ರೈಲಿನಲ್ಲಿ ಒಳಗೆ ಹೋದರೆ ಮಲಾಡ್‌ನಲ್ಲಿ ಇಳಿಯಲಾಗುವುದಿಲ್ಲ, ಬಾಗಿಲಲ್ಲೇ ನಿಂತರೆ ಮಲಾಡ್‌ಗೆ ಮೊದಲೇ ಇಳಿದಿರುತ್ತೇವೆ! ಹಾಗಾಗಿ ರಿಕ್ಷಾ. ರಿಕ್ಷಾದವನನ್ನಾದರೂ ಸುಮ್ಮನೆ ಬಿಟ್ಟಾರೆಯೇ?

"ಬ್ರೇಕ್ ಠೀಕ್ ಹೈ ನಾ?"

"ಬ್ರೇಕ್ ಠೀಕ್ ಹೈ ಸಾಬ್. ರಸ್ತಾ ಠೀಕ್ ನಹೀ ಹೈ!"

ಆ ದಿನ ಮಾವ ಕಾಲೇಜಿಗೆ ನಡೆದೇ ಹೋದರು.

ಇಂಥವರು ವಿದ್ಯಾರ್ಥಿಗಳಿಗಾಗಿ ವೆಕ್ಟರ್‌ಗಳ ಬಗ್ಗೆ ಒಂದು ಪಠ್ಯಪುಸ್ತಕ ಬರೆದರು. ಅಂಧೇರಿಯಲ್ಲಿ ನಾನಿರುವ ಆಫೀಸಿನಲ್ಲಿ ಮಾಡುವುದು ಇದೇ ಕೆಲಸ, ಗಣಿತದ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಅಚ್ಚಿಗೆ ಅಣಿ ಮಾಡುವುದು. ಪ್ರಕಾಶಕರು ಆ ಪುಸ್ತಕವನ್ನು ನಮಗೇ ಕೊಟ್ಟರು. ಮಾವ ಟೈಪ್ ಮಾಡಲು ಪಡುವ ಪಾಡು ನೋಡಲಾರದೆ ನಾನು ಮ್ಯಾಕ್ರೋ ಹೇಳಿಕೊಟ್ಟೆ.

ಮ್ಯಾಕ್ರೋ ಎಂದರೆ ಇಷ್ಟೇ. ಒಂದು ಚಿಹ್ನೆ ಬರಬೇಕಾದರೆ ಮಾರುದ್ದದ ಆಜ್ಞೆ ಟೈಪ್ ಮಾಡಬೇಕು. ಅದಕ್ಕೊಂದು ಚುಟುಕು ಅಡ್ಡಹೆಸರಿಟ್ಟರೆ ಮುಂದೆಲ್ಲ ಆ ಅಡ್ಡಹೆಸರು ಬರೆದರೆ ಸಾಕು. ನಾಳೆ ಚಿಹ್ನೆಯ ರೂಪ ಬದಲಿಸಬೇಕೆನಿಸಿದರೆ ಮೊದಲ ಪುಟದ ಆ ಒಂದು ಸಾಲು ತಿದ್ದಿದರಾಯಿತು, ಇಡೀ ಪುಸ್ತಕ ತಾನಾಗಿ ಬದಲಾಗುತ್ತದೆ!

"ಇಡೀ ಪುಸ್ತಕವಾ?" ಮಾವನ ಮುಖ ಅರಳಿತು. ಮರುಕ್ಷಣವೇ ಬಾಡಿತು. "ಹಾಗಾದ್ರೆ ಆ ಒಂದು ಸಾಲನ್ನು ಯಾರಾದ್ರೂ ಮುಟ್ಟಿದ್ರೆ ಎಂತ ಗತಿ ಮಾರಾಯ್ತಿ?"

ಮುಟ್ಟಿದವರು ಅವರೇ! ಮೊದಲು ಬೆರಳು ನೋಯುತ್ತದೆಂದು ಕಂಡ ಕಂಡ ಚಿಹ್ನೆಗೆಲ್ಲ ಒಂದೊಂದೇ ಅಕ್ಷರದ ಅಡ್ಡಹೆಸರಿಟ್ಟರು. 'ಈ ಹೆಸರು ಬೇರೆ ಕೆಲಸಕ್ಕಿದೆ' ಎಂದು ಕಂಪ್ಯೂಟರ್ ತಕರಾರು ತೆಗೆದರೆ, 'ಇರಲಿ, ಬದಲಿಸು' ಎಂದು ಆಜ್ಞೆ ಕೊಟ್ಟರು. ಹಾಗೆ ಒಂದು ದೊಡ್ಡ ಎಚ್ ಚಿಹ್ನೆಗೆಂದು ಅವರು ಕಸಿದುಕೊಂಡ 'ಎಚ್' ಎಂಬ ಹೆಸರು ಹಂಗೇರಿ ದೇಶದ ಹೆಸರುಗಳಲ್ಲಿ ಅಕ್ಷರದ ತಲೆಯ ಮೇಲೆ ಎರಡು ಗೀಟು ಎಳೆಯುವುದಕ್ಕಿತ್ತು. ಪುಸ್ತಕದ ಕೊನೆಯಲ್ಲಿದ್ದ ಹಂಗೇರಿಯ ವಿದ್ವಾಂಸರೊಬ್ಬರ ಹೆಸರಿನ ಹೊಟ್ಟೆಯೊಳಗೆ ದೊಡ್ಡದೊಂದು ಎಚ್ ಬಂದು ಕೂತಿತು!

"ಅವರು ಕೇಸ್ ಹಾಕಿದ್ರೆ?"

"ಅವರು ತೀರಿಹೋಗಿ ಎಷ್ಟೋ ವರ್ಷವಾಯಿತು, ಮಾವ."

"ಮಕ್ಕಳು ಇರ್ಬಹುದಲ್ಲ?"

ಆಮೇಲೆ ಶುರುವಾಯಿತು ವೆಕ್ಟರ್‌ನ ಕಾಟ. ವೆಕ್ಟರ್‌ಗೆ ದಿಕ್ಕುಂಟು. ಸಾದಾ ಸಂಖ್ಯೆಯಿಂದ ಬೇರೆಯಾಗಿ ಕಾಣಲೆಂದು ಅದರ ಅಕ್ಷರವನ್ನು ಕೆಲವರು ದಪ್ಪ ಮಾಡುತ್ತಾರೆ, ಕೆಲವರು ಅದರ ಮೇಲೆ ಬಾಣ ಇಡುತ್ತಾರೆ. ನಾವು ದಪ್ಪ ಮಾಡಿದ್ದೆವು. ಮಾವನ ಫೋನ್ ಬಂತು.

"ದಪ್ಪ ಬೇಡ. ಮಕ್ಕಳಿಗೆ ಗೊತ್ತಾಗ್ಲಿಕ್ಕಿಲ್ಲ. ಬಾಣ ಹಾಕುವ."

ಬಾಣ ಹಾಕಿದೆ. ಬಾಣ ಸಣ್ಣದಾಯಿತಂತೆ. ಉದ್ದ ಮಾಡಿದೆ. ತೆಳುವಾಯಿತಂತೆ. ಬಾಣ ತೆಗೆದು ಕೆಳಗೊಂದು ಗೆರೆ ಎಳೆದೆ. ಈಗ ಗೆರೆಯೂ ಬಾಣವೂ ಎರಡೂ ಬೇಕಂತೆ! ನಮ್ಮ ಬಾಸ್ ನನ್ನ ಪರದೆಗೆ ಇಣುಕಿ, "ಯೇ ಮ್ಯಾಥ್ಸ್ ಹೈ ಯಾ ತೀರಂದಾಜಿ?" ಎಂದರು. ಗಣಿತವೋ ಬಿಲ್ಲುವಿದ್ಯೆಯೋ ಎಂದು ನಗುತ್ತ ಕೇಳಿದ್ದಲ್ಲ. ಸೋಮವಾರ ಪುಸ್ತಕ ಪ್ರೆಸ್ಸಿಗೆ ಹೋಗಲೇಬೇಕಿತ್ತು. ಒಮ್ಮೆ ಮುಂದೂಡಿಸಿಕೊಂಡಾಗಿತ್ತು. ನಮ್ಮವರ ಪುಸ್ತಕವೆಂದು ನಾನೇ ಜವಾಬ್ದಾರಿ ಹೊತ್ತಿದ್ದೆ. ಫೋನ್ ರಿಂಗಾದರೆ ಎತ್ತುವ ಮೊದಲು ಯಾರದೆಂದು ಎರಡೆರಡು ಸಲ ನೋಡುತ್ತಿದ್ದೆ. ಮಾವನ ಹೆದರಿಕೆ ಅಂಟುರೋಗದ ಹಾಗೆ ನನಗೂ ತಗುಲಿತ್ತು.

ಶನಿವಾರ ಮಾವ 'ಕಡೆಯ ತಿದ್ದುಪಡಿ' ಎಂದು ಫೈಲ್ ಕಳಿಸಿದರು. ಅದರಿಂದ ಒಂದು ಪುಟವೂ ಹೊರಬರಲಿಲ್ಲ! ಬಾಣ ಎದ್ದು ಕಾಣಲೆಂದು ಅವರು, 'ವೆಕ್ಟರ್ ಎಂದರೆ ವೆಕ್ಟರಿನ ಮೇಲೆ ಇನ್ನೊಂದು ಬಾಣ' ಎಂದು ಬರೆದಿಟ್ಟಿದ್ದರು. ಕಂಪ್ಯೂಟರ್ ಪಾಪ, ಆ ವೆಕ್ಟರ್ ಎಂದರೇನು ಎಂದು ನೋಡಿತು. ಅದರ ಮೇಲೂ ಬಾಣ. ಹಾಗಾದರೆ ಅದರೊಳಗಿನ ವೆಕ್ಟರ್? ಅದರ ಮೇಲೂ ಬಾಣ! ಹೀಗೆ ಸುತ್ತಿ ಸುತ್ತಿ ಸುಸ್ತಾಗಿ ಕೈಚೆಲ್ಲಿತು.

ಫೋನಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಲಾಗಲಿಲ್ಲ. ಲ್ಯಾಪ್‌ಟಾಪ್ ಹೆಗಲಿಗೇರಿಸಿ ಕಾಂದಿವಲಿಗೆ ಲೋಕಲ್ ಹಿಡಿದೆ. ದಾರಿಯುದ್ದಕ್ಕೂ ಅವರಿಗೆ ಬೈಯಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಅತ್ತೆ ಬಾಗಿಲು ತೆರೆದು, "ಬಿಸಿಲಲ್ಲಿ ಬಂದಿದ್ದೀ, ಮೊದಲು ನೀರು ಕುಡಿ" ಎಂದು ಅಡಿಗೆಮನೆಗೆ ಹೋದರು. ನಾನು ಆ ಸಾಲನ್ನು ಸರಿಪಡಿಸಿ, ಆಫೀಸಿನಿಂದ ತಂದಿದ್ದ ಎರಡು ಮಾದರಿ ಹಾಳೆಗಳನ್ನು ಮಾವನ ಮುಂದಿಟ್ಟೆ. ಒಂದರಲ್ಲಿ ದಪ್ಪ ಅಕ್ಷರ, ಇನ್ನೊಂದರಲ್ಲಿ ಬಾಣ.

"ಯಾವುದು ಬೇಕೋ ಈಗಲೇ ಹೇಳಿ. ಆಮೇಲೆ ನಾನು ಒಂದು ಚುಕ್ಕೆಯನ್ನೂ ಬದಲಿಸುವುದಿಲ್ಲ."

ಮಾವ ಒಂದು ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದು ತುಂಬ ಹೊತ್ತು ನೋಡಿದರು.

"ಇದೇ ಇರ್ಲಿ. ಈ ಬಾಣ ಲಾಯ್ಕುಂಟು."

ಅವರ ಕೈಯಲ್ಲಿದ್ದದ್ದು ದಪ್ಪ ಅಕ್ಷರದ ಹಾಳೆ.

"ಮಾವ, ಅದರಲ್ಲಿ ಬಾಣವೇ ಇಲ್ಲ."

ಅವರು ಹಾಳೆ ಕೆಳಗಿಳಿಸಲಿಲ್ಲ. ಅಡಿಗೆಮನೆಯಲ್ಲಿ ಮಿಕ್ಸಿ ಶುರುವಾಯಿತು. ಆ ಸದ್ದಿನ ಮರೆಯಲ್ಲಿ ಹೇಳಿದರು.

"ಮೊದಲು ಎಡದ ಕಣ್ಣು ಮಾತ್ರ ಮಂಜು ಇತ್ತು. ಈಗ ಬಲದ್ದೂ ಹಾಗೇ. ಪೊರೆ ಇರ್ಬೇಕು. ಆಪರೇಷನ್ ಅಂತಾರಲ್ಲ, ಅದಕ್ಕೇ ನಾನು ಡಾಕ್ಟರ ಹತ್ರ ಹೋಗ್ಲಿಲ್ಲ. ಯಾರಿಗೂ ಹೇಳ್ಲಿಲ್ಲ."

ರಿಕ್ಷಾದ ಬ್ರೇಕಿನಿಂದ ಹಂಗೇರಿಯವರ ಮಕ್ಕಳವರೆಗೆ ಎಲ್ಲದಕ್ಕೂ ಊರೆಲ್ಲ ಕೇಳುವಂತೆ ಹೆದರುತ್ತಿದ್ದ ಮನುಷ್ಯ ಇದೊಂದಕ್ಕೆ ಒಬ್ಬರೇ ಹೆದರುತ್ತ ಕೂತಿದ್ದರು. ನಾನು ಜೋಡಿಸಿ ತಂದಿದ್ದ ಬೈಗುಳಗಳನ್ನೆಲ್ಲ ಬದಿಗಿಟ್ಟೆ.

ಲ್ಯಾಪ್‌ಟಾಪ್ ತೆರೆದು ಮಾವ ಓದಲೆಂದೇ ಪುಸ್ತಕದ ಇನ್ನೊಂದು ಪ್ರತಿ ಮಾಡಿದೆ. ಅದರಲ್ಲಿ ವೆಕ್ಟರ್‌ನ ಸಾಲನ್ನು ತಿದ್ದಿ, ಅಕ್ಷರವನ್ನು ಹೆಬ್ಬೆರಳಿನಷ್ಟು ಮಾಡಿ, ಮೇಲೆ ಕಪ್ಪನೆಯ ಬಾಣ ಕೂರಿಸಿದೆ. ಇಡೀ ಪುಸ್ತಕದ ವೆಕ್ಟರ್‌ಗಳೆಲ್ಲ ಒಮ್ಮೆಗೇ ದೊಡ್ಡವಾದವು. ಪರದೆಯನ್ನು ಅವರ ಕಡೆ ತಿರುಗಿಸಿದೆ. ಮಾವ ಬಾಗಿ, ಬೆರಳಿಟ್ಟು ಮೆಲ್ಲಗೆ ಸಾಲಿನಿಂದ ಸಾಲಿಗೆ ಸರಿದರು.

"ಇಲ್ಲುಂಟು... ಇಲ್ಲೂ ಉಂಟು... ಓ, ಇಲ್ಲಿ ತಪ್ಪುಂಟಲ್ಲ! ಇದಕ್ಕೆ ಬಾಣ ಬರ್ಲಿಕ್ಕಿಲ್ಲ, ಇದು ಬರೀ ಸಂಖ್ಯೆ!"

ನಿಜವಾಗಿಯೂ ತಪ್ಪಿತ್ತು. ನಮ್ಮ ಆಫೀಸಿನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮಿಕ್ಸಿ ನಿಂತಿತು. ಮಾವ ನನ್ನ ಕೈ ಹಿಡಿದುಕೊಂಡರು.

"ನೀನು ಇಲ್ಲೇ ಕೂತ್ಕೊ, ಆಯ್ತಾ?" ಎಂದು ನನಗೆ ಹೇಳಿ, ಅಡಿಗೆಮನೆಯ ಕಡೆ ಮುಖ ತಿರುಗಿಸಿದರು. "ಏ, ಒಮ್ಮೆ ಹೊರಗೆ ಬಾ ಮಾರಾಯ್ತಿ. ನಿನ್ಹತ್ರ ಒಂದು ವಿಷಯ ಹೇಳ್ಲಿಕ್ಕುಂಟು."