ಮಾವನ ದಾಸವಾಳದ ಪಾಠ

ನಮ್ಮ ಸೋದರಮಾವನಿಗೆ ಮನೆ ಯಾವುದು, ಕಾಲೇಜು ಯಾವುದು ಎಂಬುದೇ ಮರೆತುಹೋಗಿದೆ ಎಂದರೆ ನೀವು ನಂಬಲೇಬೇಕು! ತಪ್ಪು ಅವರದಲ್ಲ ಬಿಡಿ. ಅವರು ಸಸ್ಯಶಾಸ್ತ್ರದ ಮೇಷ್ಟ್ರು. ಅವರ ಕಾಲೇಜಿನಲ್ಲಿ ಈಗ ವಾರದಲ್ಲಿ ಕೆಲವು ದಿನ ತರಗತಿಯಲ್ಲಿ ಪಾಠ, ಉಳಿದ ದಿನ ಆನ್‌ಲೈನ್. ರಾಮಮೂರ್ತಿ ನಗರದ ಮನೆಯ ಹಾಲಿನಲ್ಲಿ ಬೂಟು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ನಿಲ್ಲುತ್ತಾರೆ.

"ಕ್ಯಾಮೆರಾದಲ್ಲಿ ಬೂಟು ಕಾಣಲ್ಲ ಕಣ್ರೀ," ಎನ್ನುತ್ತಾರೆ ಅತ್ತೆ.

"ನಂಗೆ ಕಾಣತ್ತಲ್ಲ!"

ಕಾಲೇಜಿಗೆ ಹೋದರೋ, ಎದುರಿಗೇ ಕೂತ ಮಕ್ಕಳನ್ನು "ನನ್ನ ದನಿ ಕೇಳಿಸ್ತಿದೆಯಾ?" ಎಂದು ಕೇಳುತ್ತಾರೆ. ಕೊನೆ ಬೆಂಚಿನವರು ಬಿಟ್ಟಾರೆಯೇ? "ಇಲ್ಲ ಸರ್, ಕಟ್ ಆಗ್ತಿದೆ!"

ಹೂವಿನ ಪಾಠ ಬಂತು ನೋಡಿ, ಮಾವನ ತಲೆಯಲ್ಲಿ ಹುಳ ಹೊಕ್ಕಿತು. "ಪರದೆ ಮೇಲೆ ಹೂವು ತೋರ್ಸಿದ್ರೆ ಏನು ಬಂತು? ಪ್ರತಿಯೊಬ್ರೂ ಕೈಯಾರೆ ಬಿಡಿಸಿ ನೋಡ್ಬೇಕು. ನಡಿ, ಸ್ಕೂಟರ್ ಹತ್ತು!" ದಾಸವಾಳದ ಬುಟ್ಟಿ ಹಿಡಿದು ಹಿಂದೆ ಕೂರುವ ಭಾಗ್ಯ ನನ್ನದು. ಮನೆಮನೆಗೂ ಹೂವು ಹಂಚಿ ಬಂದೆವು. ಪಾಠ ಶುರುವಾದಾಗ ಕಮ್ಮನಹಳ್ಳಿಯ ಹುಡುಗನೊಬ್ಬನದು ಬರಿಗೈ.

"ಸರ್, ನಮ್ಮಜ್ಜಿ ಗಣಪತಿಗೆ ಮುಡಿಸ್ಬಿಟ್ಟಿದ್ದಾರೆ. ತೆಗೆಯೋಕೆ ಬಿಡ್ತಿಲ್ಲ!"

"ಲ್ಯಾಪ್‌ಟಾಪ್ ದೇವರಮನೆಗೆ ತಗೊಂಡ್ಹೋಗಪ್ಪ. ಇವತ್ತು ಗಣಪತಿನೇ ಪಾಠ ಕೇಳ್ಲಿ," ಎಂದರು ಮಾವ.

ಮುಂದಿನ ವಾರ ಶಂಖಪುಷ್ಪದ ಸರದಿ. ಅಷ್ಟರಲ್ಲಿ ಹೊರಮಾವಿನ ವಿದ್ಯಾರ್ಥಿನಿಯೊಬ್ಬಳ ಮೆಸೇಜು ಬಂತು. ಅಮ್ಮನಿಗೆ ಪಾರ್ಶ್ವವಾಯು, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ, ಓದು ಬಿಡುತ್ತೇನೆ ಎಂದು. ಆನ್‌ಲೈನ್ ತರಗತಿಯಲ್ಲಿ ಅವಳು ಒಮ್ಮೆಯೂ ಕ್ಯಾಮೆರಾ ಹಾಕಿದವಳಲ್ಲ. ಹೂವು ಹಂಚುವ ದಿನ ಮಾವ ಮೊದಲು ಅವಳ ಮನೆಗೇ ಸ್ಕೂಟರ್ ತಿರುಗಿಸಿದರು.

"ನಾನು ಬಿಡ್ತೀನಿ ಅಂದ್ನಲ್ಲ ಸರ್, ಯಾಕ್ ಬಂದ್ರಿ?"

"ಹೂವು ಜಾಸ್ತಿ ಇತ್ತಮ್ಮ, ಕೊಟ್ಟು ಹೋಗೋಣ ಅಂತ."

ಎಂಥ ಸುಳ್ಳು! ಬುಟ್ಟಿಯಲ್ಲಿದ್ದದ್ದು ಲೆಕ್ಕಕ್ಕೆ ಸರಿಯಾಗಿ. ಒಂದನ್ನು ಅವಳಿಗೆ ಕೊಟ್ಟರು. ಇನ್ನೊಂದನ್ನು ಮಂಚದಲ್ಲಿದ್ದ ತಾಯಿಯ ಆಡುವ ಕೈಗೆ ಇಟ್ಟು, "ನೀವೂ ಕೂತ್ಕೊಳ್ಳಿ ತಾಯಿ, ಹನ್ನೊಂದಕ್ಕೆ ಪಾಠ," ಎಂದರು. ಆಮೇಲೆ ಮಾವ ಉಳಿದ ಮನೆಗಳತ್ತ ಸ್ಕೂಟರ್ ಓಡಿಸಿದರು. ಇವರಿಗೆ ಯಾಕೆ ಇಲ್ಲದ ಉಸಾಬರಿ ಎಂದು ನನಗೆ ಸಿಟ್ಟೇ ಬಂದಿತ್ತು.

ಪಾಠ ಅರ್ಧವಾಗಿತ್ತು. ಪರದೆಯ ಮೂಲೆಯಲ್ಲಿ ಕಪ್ಪಗಿದ್ದ ಒಂದು ಚೌಕ ಬೆಳಗಿತು. ಮಗಳು ಹೂವು ಹಿಡಿದಿದ್ದಾಳೆ, ತಾಯಿ ನಿಧಾನವಾಗಿ ಎಸಳು ಬಿಡಿಸುತ್ತಿದ್ದಾರೆ.

"ಸರ್, ಓದು ಬಿಡ್ಬೇಡ ಅಂತಿದ್ದಾರೆ ಅಮ್ಮ. ಮುಂದಿನ ವಾರ ಯಾವ ಹೂವು ಅಂತ ಕೇಳ್ತಿದ್ದಾರೆ."

ನನಗೆ ಕಣ್ಣು ತುಂಬಿತು. ಅಡುಗೆಮನೆಯಿಂದ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಲ್ಯಾಪ್‌ಟಾಪಿನ ಮುಂದೆ ಬಗ್ಗಿ ಹೇಳಿದರು: "ಸಂಪಿಗೆ ಕಣಮ್ಮ. ನಾನೇ ತಂದ್ಕೊಡ್ತೀನಿ."