ದೃಢೀಕೃತ ಮೊಟ್ಟೆಗಳು

ಈ ವರ್ಷದ ಮೂರನೆಯ ಸುತ್ತೋಲೆಯ ಪ್ರಕಾರ ನಮ್ಮ ಪುಟ್ಟ ಪಕ್ಷಿಧಾಮದ ನೀರುಕೋಳಿಗಳು ಕೋಳಿಗಳಾದವು. ಬದಲಾವಣೆ ಬೆಳಿಗ್ಗೆ ಹತ್ತೂವರೆಯಿಂದ ಜಾರಿಗೆ ಬಂದಿತು. ಆ ಹೊತ್ತಿನಲ್ಲಿ ನೀರುಕೋಳಿಗಳು ಜೊಂಡಿನೊಳಗೆ ಹುಳ ಹೆಕ್ಕುತ್ತಿದ್ದವು, ಆಕ್ಷೇಪಣೆ ಸಲ್ಲಿಸಲಿಲ್ಲ.

ಸುತ್ತೋಲೆಯ ಒಕ್ಕಣೆ ಸ್ಪಷ್ಟವಾಗಿತ್ತು: “ಹೆಸರಿನ ಕೊನೆಯಲ್ಲಿ ‘ಕೋಳಿ’ ಎಂದು ಬರುವ ಸಕಲ ಜೀವಿಗಳೂ ಕುಕ್ಕುಟ ವಿಭಾಗಕ್ಕೆ ಸೇರತಕ್ಕದ್ದು. ಅವು ಇಡುವ ಮೊಟ್ಟೆಗಳನ್ನು ವಾರದೊಳಗೆ ವಿಭಾಗಕ್ಕೆ ಒಪ್ಪಿಸತಕ್ಕದ್ದು. ಸಲ್ಲಿಕೆಗಳೆಲ್ಲವೂ ಮೂರು ಪ್ರತಿಗಳಲ್ಲಿರತಕ್ಕದ್ದು.”

ಪಕ್ಷಿಧಾಮದಲ್ಲಿ ಹಕ್ಕಿ ಎಣಿಸುವಾಕೆಯನ್ನು ಎಲ್ಲರೂ ಲೆಕ್ಕದಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಆಕೆ ಬೆಳಕು ಹರಿಯುವ ಮೊದಲೇ ಅಟ್ಟಣೆಯೇರಿ, ಒಂದು ಗಾಜು ಬಿರುಕುಬಿಟ್ಟ ದುರ್ಬೀನು ಹಿಡಿದು ಕೂರುತ್ತಿದ್ದಳು. ಕಾಣದ ಹಕ್ಕಿಯನ್ನು ಬರೆದವಳಲ್ಲ, ಕಂಡದ್ದನ್ನು ಬಿಟ್ಟವಳಲ್ಲ. ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನೀರುಕೋಳಿಯೊಂದು ಅಲ್ಲಿ ಗೂಡು ಕಟ್ಟಿದಾಗ, “ಮೊಟ್ಟೆ: ಐದು” ಎಂದು ಪುಸ್ತಕದಲ್ಲಿ ದುಂಡಗೆ ಬರೆದಿದ್ದಳು. ಸುತ್ತೋಲೆ ಬಂದದ್ದು ಮರುದಿನ.

ಪಕ್ಷಿಧಾಮದ ಕಚೇರಿಯ ದೊಡ್ಡ ಗುಮಾಸ್ತರು ಮೇಜಿನ ಮೇಲೆ ಬುಟ್ಟಿ ಇಟ್ಟರು. “ಐದು ಅಂತ ನೀವೇ ಬರೆದಿದೀರಲ್ಲಕ್ಕಾ. ತಂದುಬಿಡಿ.”

“ಸ್ವಾಮಿ, ಅದು ಕೋಳಿ ಅಲ್ಲ, ನೀರುಕೋಳಿ.”

“ನೀರು ಅನ್ನೋದು ಅದರ ವಿಳಾಸ. ಕೋಳಿ ಅನ್ನೋದು ಜಾತಿ.”

“ಹಾಗಾದ್ರೆ ನಿಮ್ಮ ಕಿಟಕೀಲಿರೋ ಕೋಳಿಜುಟ್ಟಿನ ಗಿಡಾನೂ ಅಲ್ಲಿಗೇ ಹೋಗುತ್ತಾ?”

ಗುಮಾಸ್ತರು ಸುತ್ತೋಲೆಯನ್ನು ಇನ್ನೊಮ್ಮೆ ಓದಿದರು. “ಅದರಲ್ಲಿ ಕೋಳಿ ಮೊದಲು ಬರುತ್ತೆ, ಕೊನೇಲಲ್ಲ. ಅನ್ವಯಿಸಲ್ಲ.”

“ಹೆಸರು ಬದಲಾಯಿಸಿದ್ರೆ?”

“ಧಾರಾಳವಾಗಿ. ಹೆಸರಿರೋರು ಖುದ್ದಾಗಿ ಬಂದು ಸಹಿ ಹಾಕಬೇಕು, ಅಷ್ಟೆ.”

ಮೊಟ್ಟೆಯೊಡೆದು ಮರಿಯಾಗಲು ಇಪ್ಪತ್ತೊಂದು ದಿನ ಬೇಕು, ಕೈಯಲ್ಲಿದ್ದದ್ದು ಏಳು. ಲೆಕ್ಕದಕ್ಕ ಅಟ್ಟಣೆಯ ಮೇಲೆ ಕೂತು ಸುತ್ತೋಲೆಯನ್ನು ಹಿಂದುಮುಂದು ಮಾಡಿ ಓದಿದಳು. ಕೊನೆಯ ವಾಕ್ಯಕ್ಕೆ ಬಂದಾಗ ಕಣ್ಣರಳಿತು. ಪತ್ರ ಬರೆದಳು: “ಐದು ಮೊಟ್ಟೆಗಳೂ ಮೂಲಪ್ರತಿಗಳು. ಉಳಿದೆರಡು ಪ್ರತಿಗಳನ್ನು ಒದಗಿಸಲು ಸದರಿ ಪಕ್ಷಿಯು ಅಸಮರ್ಥವಾಗಿರುತ್ತದೆ. ಮಾರ್ಗದರ್ಶನ ನೀಡಬೇಕಾಗಿ ವಿನಂತಿ.”

“ಇದು ನಿಜವಾದ ತೊಡಕು,” ಎಂದು ಗುಮಾಸ್ತರು ಗೌರವದಿಂದ ಬುಟ್ಟಿಯನ್ನು ಮೇಜಿನಡಿಗೆ ಸರಿಸಿದರು.

ಕಡತ ಕುಕ್ಕುಟ ವಿಭಾಗಕ್ಕೆ ಹೋಯಿತು. ಅಲ್ಲಿ ಯಾರೋ ಒಬ್ಬರು ಅದರ ಮೇಲೆ ಕೂತರು. ಇಲ್ಲಿ ನೀರುಕೋಳಿ ಮೊಟ್ಟೆಗಳ ಮೇಲೆ ಕೂತಿತ್ತು. ಯಾರು ಮೊದಲು ಏಳುತ್ತಾರೆಂಬುದೊಂದೇ ಲೆಕ್ಕದಕ್ಕನ ಚಿಂತೆ. ಹದಿನಾರನೆಯ ದಿನ ವಿಭಾಗದಿಂದ ಫೋನು ಬಂತು.

“ಏನಮ್ಮಾ, ಇದು ತುರ್ತಾ?”

ಆಕೆ ಅರೆಗಳಿಗೆ ಯೋಚಿಸಿದಳು. “ತುಂಬಾ ತುರ್ತು, ಸರ್.”

ತುರ್ತು ಕಡತಗಳಿಗೆ ಅಲ್ಲಿ ಬೇರೆಯೇ ಕಪಾಟಿತ್ತು. ಅದರ ಬೀಗದ ಕೈ ರಜೆಯ ಮೇಲಿತ್ತು.

ಇಪ್ಪತ್ತೊಂದನೆಯ ದಿನ ಮರಿಗಳು ಹೊರಬಂದವು. ಇಪ್ಪತ್ತನಾಲ್ಕನೆಯ ದಿನ ಮಾರ್ಗದರ್ಶನ ಬಂತು: “ಮೂಲ ಮೊಟ್ಟೆಗಳನ್ನು ಪಕ್ಷಿಧಾಮದಲ್ಲಿಯೇ ಉಳಿಸಿಕೊಂಡು, ದೃಢೀಕೃತ ನಕಲುಗಳನ್ನು ಮಾತ್ರ ಕಳುಹಿಸತಕ್ಕದ್ದು.”

ಗುಮಾಸ್ತರು ಮೂಲೆಯಂಗಡಿಯಿಂದ ಹದಿನೈದು ಮೊಟ್ಟೆ ತಂದರು. ಪಕ್ಷಿಧಾಮದ ಮುಖ್ಯಸ್ಥರಾದ ಸಾಹೇಬರು ಒಂದೊಂದರ ಮೇಲೂ “ಮೂಲದೊಂದಿಗೆ ತಾಳೆ ನೋಡಲಾಗಿದೆ” ಎಂಬ ಮೊಹರು ಒತ್ತಿದರು. ಒತ್ತುವಾಗ ಎರಡು ಒಡೆದವು. “ಎರಡು ಪ್ರತಿಗಳು ಅಸ್ಪಷ್ಟ” ಎಂದು ಷರಾ ಬರೆಯಲಾಯಿತು.

ಮೊಹರಿನ ಮಾತು ಸುಳ್ಳಾಗಬಾರದೆಂದು ಸಾಹೇಬರು ಮೂಲವನ್ನು ನೋಡಲು ಅಟ್ಟಣೆಯೇರಿದರು. ಲೆಕ್ಕದಕ್ಕ ಅವರ ಕೈಗೆ ದುರ್ಬೀನು ಕೊಟ್ಟಳು. ತಾಯಿಯ ಹಿಂದೆ ಐದು ಕಪ್ಪು ಉಂಡೆಗಳು ನೀರಿನ ಮೇಲೆ ಸಾಲಾಗಿ ಹೊರಟಿದ್ದವು.

“ಇವೇನಮ್ಮಾ?”

ಕಂಡದ್ದನ್ನು ಇಲ್ಲವೆನ್ನುವುದು ಆಕೆಗೆ ಬಾರದು. “ಮರಿಗಳು, ಸರ್.”

“ಪುಸ್ತಕದಲ್ಲಿ?”

“ಮೊಟ್ಟೆಗಳು.”

ಸಾಹೇಬರು ದುರ್ಬೀನನ್ನು ಒರೆಸಿ ಮತ್ತೆ ನೋಡಿದರು. ಬಹಳ ಹೊತ್ತು ನೋಡಿದರು.

“ಸರಿ. ಒಡೆಯದ ಹಾಗೆ ನೋಡ್ಕೊಳ್ಳಿ.”

ಲೆಕ್ಕದಕ್ಕ ಪುಸ್ತಕ ತೆರೆದು ಅಂದಿನ ದಿನಾಂಕದ ಮುಂದೆ ದುಂಡಗೆ ಬರೆದಳು: “ಮೊಟ್ಟೆ: ಐದು. ಈಜುತ್ತಿವೆ.”

ಸಾಹೇಬರು ಸಹಿ ಹಾಕಿದರು.